ಶಾಸಕರಿಗೆ ಗುತ್ತಿಗೆದಾರರ ಚೆಕ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಶಾಸಕರ 2023ರ ಚುನಾವಣಾ ಲೆಕ್ಕದಲ್ಲಿ ಒಬ್ಬ ರಸ್ತೆ ಗುತ್ತಿಗೆದಾರರಿಂದ 6 ಲಕ್ಷ ರೂಪಾಯಿ ಚೆಕ್ ಬಂದದ್ದು ಕಾಣುತ್ತದೆ. ಎದುರು ಪಕ್ಷದವರು ‘ಇದು ಲಂಚ’ ಎಂದು ಕರಪತ್ರ ಹಂಚುತ್ತಿದ್ದಾರೆ. ನಾನು ಶಾಸಕರ ಪರ ಓಡಾಡಿದವನು. ಚೆಕ್‌ನಲ್ಲೇ ತೆಗೆದುಕೊಂಡಿದ್ದಾರಲ್ಲ, ತಪ್ಪೇನು ಅಂತ ವಾದಿಸಬಹುದೆ?
— ಹೆಸರು ಬೇಡ, ವಿಜಯನಗರ

ಉತ್ತರ: ವಾದಿಸಿ. ಆದರೆ ಆ ವಾದ ಅರ್ಧ ದಾರಿಗೆ ನಿಂತುಬಿಡುತ್ತದೆ ಅನ್ನುವುದೂ ಗೊತ್ತಿರಲಿ.

ಗುತ್ತಿಗೆದಾರ ತನ್ನ ಸ್ವಂತ ದುಡ್ಡನ್ನು ಅಭ್ಯರ್ಥಿಗೆ ಕೊಡಬಾರದು ಅಂತ 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಅಭ್ಯರ್ಥಿಯೇ ಸರ್ಕಾರದ ಗುತ್ತಿಗೆ ಇಟ್ಟುಕೊಂಡಿದ್ದರೆ ಮಾತು ಬೇರೆ. ಅದು ಸೆಕ್ಷನ್ 9ಎ, ಅನರ್ಹತೆಯ ವಿಷಯ. ಹಾಗಾಗಿ ಬರೀ ಹೆಸರು, ಮೊತ್ತ ನೋಡಿ ‘ಲಂಚ’ ಎಂದು ಅಚ್ಚು ಹಾಕಿಸಿದವರು ಅವಸರಪಟ್ಟಿದ್ದಾರೆ. ಬಚ್ಚಿಡಬೇಕಾದ ದುಡ್ಡನ್ನು ಯಾರೂ ಚೆಕ್ ಬರೆದು ಕೊಡುವುದಿಲ್ಲ.

ಇನ್ನು ನೀವು ನೋಡಿಕೊಳ್ಳಬೇಕಾದ್ದು. ಮೊದಲನೆಯದು, ಚೆಕ್ ಯಾವ ಖಾತೆಗೆ ಬಿತ್ತು? ನಾಮಪತ್ರ ಸಲ್ಲಿಸುವ ಕನಿಷ್ಠ ಒಂದು ದಿನ ಮೊದಲು ಅಭ್ಯರ್ಥಿ ಚುನಾವಣೆಗಾಗಿಯೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಎಲ್ಲ ಖರ್ಚೂ ಅದರ ಮೂಲಕವೇ ಆಗಬೇಕು. ಶಾಸಕರ ಹಳೆಯ ಉಳಿತಾಯ ಖಾತೆಗೆ ಬಿದ್ದು, ಅಲ್ಲಿಂದ ‘ಸ್ವಂತ ಹಣ’ ಅಂತ ಚುನಾವಣಾ ಖಾತೆಗೆ ಹೋಗಿದ್ದರೆ ಕೊಟ್ಟವರ ಹೆಸರೇ ಮುಚ್ಚಿಹೋಗುತ್ತಿತ್ತು. ನಿಮ್ಮ ಶಾಸಕರ ಲೆಕ್ಕದಲ್ಲಿ ಹೆಸರು ಕಾಣಿಸುತ್ತಿದೆ ಅನ್ನುವುದೇ ಅವರ ಪರವಾಗಿ ನಿಲ್ಲುವ ಅಂಶ.

ಎರಡನೆಯದು, ಚೆಕ್ಕಿನ ಮೇಲೆ ಇರುವುದು ಮನುಷ್ಯನ ಹೆಸರೋ, ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರೋ? ಕಂಪನಿ ಕಾಯ್ದೆಯ ಸೆಕ್ಷನ್ 182 ಅನುಮತಿ ಕೊಡುವುದು ನೋಂದಾಯಿತ ರಾಜಕೀಯ ಪಕ್ಷಕ್ಕೆ ದೇಣಿಗೆ ಕೊಡಲು. ಅದಕ್ಕೂ ಆಡಳಿತ ಮಂಡಳಿಯ ನಿರ್ಣಯ ಬೇಕು, ಲಾಭ–ನಷ್ಟದ ಪಟ್ಟಿಯಲ್ಲಿ ತೋರಿಸಬೇಕು. ಕಂಪನಿ ಚೆಕ್ ನೇರವಾಗಿ ಅಭ್ಯರ್ಥಿಯ ಖಾತೆಗೆ ಬಂದಿದ್ದರೆ ‘ಚೆಕ್‌ನಲ್ಲೇ ಕೊಟ್ಟರಲ್ಲ’ ಅನ್ನುವ ನಿಮ್ಮ ವಾದ ಅಲ್ಲಿಗೇ ಮುರಿದುಬೀಳುತ್ತದೆ. ಮಾಲೀಕನೊಬ್ಬನೇ ಇರುವ ಸಣ್ಣ ಸಂಸ್ಥೆಯಾದರೆ ಆ ತೊಡಕಿಲ್ಲ.

ಮೂರನೆಯದು, ದೇಣಿಗೆಯೋ ಸಾಲವೋ? ಸಾಲ ಎಂದು ಬರೆದಿದ್ದರೆ ಅದು ಮರಳಿ ಹೋದ ದಾಖಲೆ ಎಲ್ಲಾದರೂ ಇರಬೇಕು. ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಕೊಡುವ ಆಸ್ತಿ–ಋಣ ವಿವರದಲ್ಲೂ ಅದು ಕೂರಬೇಕು. ವರ್ಷಗಟ್ಟಲೆ ತೀರದ, ಬಡ್ಡಿಯಿಲ್ಲದ ‘ಸಾಲ’ ದೇಣಿಗೆಗಿಂತ ಕೆಟ್ಟದ್ದು.

ಇಷ್ಟೆಲ್ಲ ಸರಿ ಇದ್ದರೂ ಉಳಿಯುವ ಪ್ರಶ್ನೆಗೆ ಚುನಾವಣಾ ಲೆಕ್ಕ ಉತ್ತರ ಕೊಡುವುದಿಲ್ಲ. ವಿಧಾನಸಭಾ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ. ಅದರಲ್ಲಿ 6 ಲಕ್ಷ ಎಂದರೆ ನೂರಕ್ಕೆ 15 ಪಾಲು ಒಬ್ಬರಿಂದಲೇ. ಆ ಒಬ್ಬರು 2023ರ ಮೇ 13ರ ಫಲಿತಾಂಶದ ನಂತರ ಅದೇ ಕ್ಷೇತ್ರದಲ್ಲಿ ಎಷ್ಟು ಕೆಲಸ ಹಿಡಿದರು, ಹೇಗೆ ಹಿಡಿದರು? ಟೆಂಡರ್ ಕರೆದ ಕೆಲಸವಾದರೆ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ ಎಷ್ಟು ಬಿಡ್ ಬಂದವು, ಯಾರಿಗೆ ಸಿಕ್ಕಿತು ಎಂದು ಹುಡುಕಬಹುದು. ನಾಲ್ಕೈದು ಬಿಡ್‌ಗಳ ನಡುವೆ ಕಡಿಮೆ ದರಕ್ಕೆ ಗೆದ್ದಿದ್ದರೆ ಶಾಸಕರನ್ನು ಧೈರ್ಯವಾಗಿ ಸಮರ್ಥಿಸಿ. ಪ್ರತಿ ಸಲ ಒಂದೇ ಬಿಡ್ ಬಂದಿದ್ದರೆ, ಅಥವಾ 1999ರ ಟೆಂಡರ್ ಪಾರದರ್ಶಕತೆ ಕಾಯ್ದೆಯ ಸೆಕ್ಷನ್ 4ಜಿ ವಿನಾಯಿತಿಯಲ್ಲಿ ಟೆಂಡರೇ ಇಲ್ಲದೆ ಕೆಲಸ ಹೋಗಿದ್ದರೆ, ಸ್ವಲ್ಪ ತಡೆಯಿರಿ. 4ಜಿ ಕೆಲಸದಲ್ಲಿ ಕಾಗದದ ಮೇಲೆ ಹೆಚ್ಚಾಗಿ ಸರ್ಕಾರಿ ಸಂಸ್ಥೆಯ ಹೆಸರಿರುತ್ತದೆ. ಜಲ್ಲಿ ಸುರಿದವರು ಯಾರು ಎಂದು ತಿಳಿಯಲು ಎಂಬಿ ಪುಸ್ತಕ (ಆದ ಕೆಲಸದ ಅಳತೆ ಬರೆಯುವ ಪುಸ್ತಕ) ಮತ್ತು ಬಿಲ್ ಪಾವತಿ ನೋಡಬೇಕು. ಕರಪತ್ರದವರು ಮಾಡಬೇಕಿದ್ದ ಕೆಲಸ ಇದು, ಅವರು ಮಾಡಿಲ್ಲ. ನೀವು ಮಾಡಿ.

ಪ್ರಶ್ನೆ: ಅಭ್ಯರ್ಥಿಯ ಲೆಕ್ಕ ಸಾಮಾನ್ಯ ಜನರಿಗೆ ತೋರಿಸುತ್ತಾರೆಯೇ? ಮಾಹಿತಿ ಹಕ್ಕು ಅರ್ಜಿ ಹಾಕಬೇಕೆ?
— ಯಲಹಂಕದ ಓದುಗರು

ಉತ್ತರ: ತೋರಿಸಲೇಬೇಕು, ಮಾಹಿತಿ ಹಕ್ಕು ಬೇಕಿಲ್ಲ. 1961ರ ಚುನಾವಣಾ ನಿಯಮಗಳ 88ನೇ ನಿಯಮದ ಪ್ರಕಾರ 1 ರೂಪಾಯಿ ಕಟ್ಟಿ ಯಾರು ಬೇಕಾದರೂ ಲೆಕ್ಕ ನೋಡಬಹುದು. ಪ್ರತಿ ಬೇಕಾದರೆ ಅದಕ್ಕೆ ಬೇರೆ ಶುಲ್ಕ. ಹೋಗಬೇಕಾದ್ದು ಜಿಲ್ಲಾ ಚುನಾವಣಾಧಿಕಾರಿಯ ಕಚೇರಿಗೆ. 2023ರಲ್ಲಿ ಬೆಂಗಳೂರು ನಗರದ ಕ್ಷೇತ್ರಗಳಿಗೆ ಬಿಬಿಎಂಪಿ ಮುಖ್ಯ ಆಯುಕ್ತರೇ ಆ ಅಧಿಕಾರಿ. ಅಲ್ಲಿ ಸಾಗಹಾಕಿದರೆ ಶೇಷಾದ್ರಿ ರಸ್ತೆಯ ನಿರ್ವಾಚನ ನಿಲಯಕ್ಕೆ, ಅಂದರೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ, ಬರವಣಿಗೆಯಲ್ಲಿ ಕೇಳಿ.

ಫಲಿತಾಂಶದ ದಿನದಿಂದ 30 ದಿನದೊಳಗೆ ಲೆಕ್ಕ ಸಲ್ಲಿಸಬೇಕು. 2023ರ ಮೇ 13ರ ಫಲಿತಾಂಶಕ್ಕೆ ಗಡುವು ಜೂನ್ 12. ಸೋತವರೂ ಕೊಡಬೇಕು, ಠೇವಣಿ ಕಳೆದುಕೊಂಡವರೂ ಕೊಡಬೇಕು.

ಪುಸ್ತಕ ಕೈಗೆ ಬಂದಾಗ ಮೂರು ಬಣ್ಣ ಕಾಣುತ್ತದೆ. ಬಿಳಿ ಹಾಳೆ ದಿನದಿನದ ಖರ್ಚಿನದು, ಗುಲಾಬಿ ನಗದಿನದು, ಹಳದಿ ಬ್ಯಾಂಕಿನದು. ಹೆಚ್ಚಿನವರು ಬಿಳಿ ಹಾಳೆಯ ಒಟ್ಟು ಮೊತ್ತ ನೋಡಿ ಪುಸ್ತಕ ಮುಚ್ಚಿಬಿಡುತ್ತಾರೆ. ನೀವು ಹಳದಿ ಹಾಳೆಯಿಂದ ಶುರು ಮಾಡಿ. ಅಲ್ಲಿ ಜಮೆಯಾದ ಪ್ರತಿ ಸಾಲನ್ನೂ ಬ್ಯಾಂಕ್ ಸ್ಟೇಟ್‌ಮೆಂಟಿನ ತಾರೀಖಿನ ಜೊತೆ ತಾಳೆ ಹಾಕಿ. ಆಮೇಲೆ ಗುಲಾಬಿ. ಚುನಾವಣೆಯುದ್ದಕ್ಕೂ ಒಬ್ಬರಿಗೆ ನಗದಾಗಿ ಕೊಡಬಹುದಾದದ್ದು 10,000 ರೂಪಾಯಿ ಮಾತ್ರ. ಒಬ್ಬರಿಂದ ನಗದು ದೇಣಿಗೆ ಅಥವಾ ಸಾಲ ಪಡೆಯುವುದಕ್ಕೂ ಅದೇ ಮಿತಿ. 2018ರವರೆಗೆ ಅದು 20,000 ಇತ್ತು. ಒಂದೇ ಮನೆತನದ ಐದಾರು ಜನ ಒಂದೇ ದಿನ ತಲಾ 9,500 ರೂಪಾಯಿ ನಗದು ಕೊಟ್ಟಿದ್ದರೆ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಳ್ಳಿ. ಅದು ಅಪರಾಧ ಅಂತಲ್ಲ, ವಿವರಣೆ ಕೇಳಬೇಕಾದ ಜಾಗ.

ಕೊನೆಯಲ್ಲಿ ಇರುವ ಅನುಸೂಚಿಗಳಲ್ಲಿ ಸ್ವಂತ ಹಣ, ಪಕ್ಷದಿಂದ ಬಂದದ್ದು, ಬೇರೆಯವರಿಂದ ಬಂದದ್ದು ಎಂದು ಮೂಲಗಳನ್ನು ಬೇರೆಬೇರೆ ಬರೆದಿರುತ್ತಾರೆ. ‘ಸ್ವಂತ ಹಣ’ದ ಮೊತ್ತವನ್ನು ನಾಮಪತ್ರದ ಜೊತೆ ಕೊಟ್ಟ ನಮೂನೆ 26ರ ಪ್ರಮಾಣಪತ್ರದಲ್ಲಿರುವ ಕೈನಗದು ಮತ್ತು ಬ್ಯಾಂಕ್ ಶಿಲ್ಕಿಗೆ ಹೋಲಿಸಿ. ಪ್ರಮಾಣಪತ್ರದಲ್ಲಿ ಎಲ್ಲ ಖಾತೆ ಸೇರಿ 4 ಲಕ್ಷ ಇದ್ದವರು ಮೂರು ವಾರದಲ್ಲಿ 22 ಲಕ್ಷ ‘ಸ್ವಂತ ಹಣ’ ಹಾಕಿದ್ದರೆ ಉಳಿದ 18 ಲಕ್ಷ ಎಲ್ಲಿಂದ ಬಂತು? ದೇಣಿಗೆ ಕೊಟ್ಟವರ ಹೆಸರು ಮರೆಯಾಗುವುದು ಬಹುಪಾಲು ಈ ಒಂದು ಸಾಲಿನಲ್ಲೇ.

ಪ್ರಶ್ನೆ: ಪರಿಚಯದ ಕಲ್ಯಾಣ ಮಂಟಪದ ಮಾಲೀಕರು ಪ್ರಚಾರ ಸಭೆಗೆ ಹಾಲ್ ಪುಕ್ಕಟೆ ಕೊಟ್ಟರು, ಊಟವನ್ನೂ ಅವರೇ ಹಾಕಿಸಿದರು. ಒಂದು ರೂಪಾಯಿಯೂ ಕೈ ಬದಲಾಗಿಲ್ಲ. ಇದನ್ನು ದೇಣಿಗೆ ಅನ್ನುವುದು ಅತಿಯಾಗಲಿಲ್ಲವೆ?
— ಜೆ.ಪಿ. ನಗರದ ಓದುಗರು

ಉತ್ತರ: ಅತಿಯಾಗಲಿಲ್ಲ. ಪುಕ್ಕಟೆ ಕೊಟ್ಟದ್ದಕ್ಕೂ ಬೆಲೆ ಕಟ್ಟಿ ಲೆಕ್ಕಕ್ಕೆ ಹಾಕಬೇಕು. ಬೆಲೆ ಕಟ್ಟುವುದು ಮಾಲೀಕರಲ್ಲ, ಜಿಲ್ಲಾ ಚುನಾವಣಾಧಿಕಾರಿಯ ದರಪಟ್ಟಿ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮೈಕ್ ಸೆಟ್, ಜನರೇಟರ್, ಕಾರಿನ ದಿನಬಾಡಿಗೆ, ಚಹಾ, ಉಪ್ಪಿಟ್ಟು, ಊಟ, ಹಾರ, ಪೇಟ, ಎಲ್ಲಕ್ಕೂ ಅದರಲ್ಲಿ ದರ ಇರುತ್ತದೆ. ಪಟ್ಟಿಯನ್ನು ಪಕ್ಷಗಳ ಪ್ರತಿನಿಧಿಗಳ ಜೊತೆ ಮಾತಾಡಿಯೇ ಮಾಡುತ್ತಾರೆ. ಆದ್ದರಿಂದ ‘ನಮ್ಮ ಏರಿಯಾದಲ್ಲಿ ಕಡಿಮೆಗೆ ಸಿಗುತ್ತೆ’ ಅಂತ ಆಮೇಲೆ ಹೇಳಿದರೆ ಬಿಲ್ ತೋರಿಸಬೇಕು.

ಎಡವುವುದು ಹೇಗೆ ನೋಡಿ. ಸಭೆಗೆ ಚುನಾವಣಾ ಆಯೋಗದ ವಿಡಿಯೊ ತಂಡ ಬಂದಿರುತ್ತದೆ. ಕ್ಯಾಮೆರಾ ವೇದಿಕೆಯಿಂದ ಶುರುವಾಗಿ ಕುರ್ಚಿಯ ಸಾಲುಗಳ ಮೇಲೆ ಹಾದು, ಹೊರಗೆ ನಿಂತ ಕಾರುಗಳ ನಂಬರ್ ಪ್ಲೇಟ್‌ವರೆಗೆ ಹೋಗುತ್ತದೆ. ಸಂಜೆ ಇನ್ನೊಂದು ತಂಡ ಅದನ್ನು ನೋಡಿ 500 ಕುರ್ಚಿ, 14 ಕಾರು, 2 ಎಲ್‌ಇಡಿ ಪರದೆ ಎಂದು ಪಟ್ಟಿ ಮಾಡುತ್ತದೆ. ದರ ಹಾಕಿ ನೆರಳು ವೀಕ್ಷಣಾ ಪುಸ್ತಕದಲ್ಲಿ ಬರೆಯುತ್ತಾರೆ. ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಸಲ ಅಭ್ಯರ್ಥಿಯ ಪುಸ್ತಕವನ್ನು ಇದರ ಪಕ್ಕ ಇಟ್ಟು ನೋಡುತ್ತಾರೆ. ಅಭ್ಯರ್ಥಿಯ ಕಡೆಯವರು ‘ಪುಕ್ಕಟೆ’ ಅಂತ ಬಿಟ್ಟ ಸಭೆ ಇಲ್ಲಿ ಸಿಕ್ಕಿಬೀಳುತ್ತದೆ. ನೋಟಿಸ್ ಬಂದ ಮೇಲೆ ಮಂಟಪದವರಿಂದ ಹಳೇ ತಾರೀಖಿನ ರಸೀದಿ ಬರೆಸುವುದು ಅದಕ್ಕಿಂತ ದೊಡ್ಡ ತಪ್ಪು. ಜಿಎಸ್‌ಟಿ ಬಿಲ್ಲಿನ ಕ್ರಮಸಂಖ್ಯೆ ಹಿಂದೆ ಮುಂದೆ ಆಗಿ ಅಲ್ಲೇ ಗುಟ್ಟು ಬಿಡುತ್ತದೆ.

ಮಂಟಪದ ಮಾಲೀಕರ ಯಾವುದಾದರೂ ಕಟ್ಟಡ ನಕ್ಷೆಯೋ ಭೂಪರಿವರ್ತನೆಯೋ ಬಾಕಿ ಇದ್ದರೆ, ಮೊದಲ ಉತ್ತರದ ಕೊನೆಯ ಭಾಗ ಅವರಿಗೂ ಅನ್ವಯ.

ಪ್ರಶ್ನೆ: ‘ಅಭಿಮಾನಿ ಬಳಗ’ ತಾನಾಗಿ ಹಾಕಿಸಿದ ಪೋಸ್ಟರ್ ಅಭ್ಯರ್ಥಿಯ ಖರ್ಚೆ?
— ರಾಜಾಜಿನಗರದ ಓದುಗರು

ಉತ್ತರ: ಅಭ್ಯರ್ಥಿ ಒಪ್ಪಿದ್ದರೆ ಅವರ ಖರ್ಚು. ಒಪ್ಪಿಲ್ಲ ಎಂದು ಕೈತೊಳೆದುಕೊಂಡರೆ ಅಭಿಮಾನಿಗಳ ಮೇಲೆ ಕೇಸು. ಅಭ್ಯರ್ಥಿಯ ಲಿಖಿತ ಅನುಮತಿ ಇಲ್ಲದೆ ಪ್ರಚಾರಕ್ಕೆ ಖರ್ಚು ಮಾಡುವುದು ಈಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 176ರಡಿ ಅಪರಾಧ. ಹತ್ತು ರೂಪಾಯಿ ಮೀರದ ಖರ್ಚಾದರೆ ಹತ್ತು ದಿನದಲ್ಲಿ ಒಪ್ಪಿಗೆ ಬರೆಸಿಕೊಂಡರೆ ಸಾಕಂತೆ! ಈಗ ಹತ್ತು ರೂಪಾಯಿಗೆ ಯಾವ ಪೋಸ್ಟರ್ ಬರುತ್ತದೋ ಕಾಣೆ. ಪ್ರಜಾಪ್ರತಿನಿಧಿ ಕಾಯ್ದೆಯ ಸೆಕ್ಷನ್ 127ಎ ಪ್ರಕಾರ ಪೋಸ್ಟರ್, ಕರಪತ್ರಗಳ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಅದಿಲ್ಲದಿದ್ದರೆ ಫೋಟೊ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಅಮೆರಿಕದಲ್ಲಿರುವ ಗೆಳೆಯ ನಮ್ಮ ಅಭ್ಯರ್ಥಿಗೆ 2 ಲಕ್ಷ ಕಳಿಸುತ್ತೇನೆ ಅನ್ನುತ್ತಾನೆ. ನಾನೂ ಅಷ್ಟೇ ಕೊಟ್ಟರೆ ತೆರಿಗೆ ವಿನಾಯಿತಿ ಸಿಗುತ್ತದೆಯೇ?
— ಎಚ್‌ಎಸ್‌ಆರ್ ಬಡಾವಣೆಯ ಓದುಗರು

ಉತ್ತರ: ಗೆಳೆಯನ ಪಾಸ್‌ಪೋರ್ಟ್ ಯಾವುದು ಕೇಳಿ. ಭಾರತದ್ದಾದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡು ಓಸಿಐ ಕಾರ್ಡ್ ಇಟ್ಟುಕೊಂಡಿದ್ದರೆ ಅಭ್ಯರ್ಥಿ ಮುಟ್ಟಬಾರದು. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಸೆಕ್ಷನ್ 3 ಅಡ್ಡ ಬರುತ್ತದೆ. ಹಣವನ್ನು ನಿಮ್ಮ ಖಾತೆಗೆ ತರಿಸಿ ನೀವು ಕೊಟ್ಟರೂ ಅದು ಅವನ ಹಣವೇ.

ನಿಮಗೆ ವಿನಾಯಿತಿ ಇಲ್ಲ. ಅದು ನೋಂದಾಯಿತ ಪಕ್ಷಕ್ಕೆ ನಗದಲ್ಲದ ರೂಪದಲ್ಲಿ ಕೊಟ್ಟಾಗ ಮಾತ್ರ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ. ಪಕ್ಷಕ್ಕೆ ಒಟ್ಟು 20,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ನಿಮ್ಮ ಹೆಸರು ಚುನಾವಣಾ ಆಯೋಗಕ್ಕೆ ಹೋಗುವ ಪಟ್ಟಿಯಲ್ಲಿ ಬರುತ್ತದೆ. ಚುನಾವಣಾ ಬಾಂಡ್‌ನ ಮರೆ ಈಗಿಲ್ಲ, 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು.

ಪ್ರಶ್ನೆ: ನಮ್ಮ ಶಾಸಕರ ಲೆಕ್ಕ ಸುಳ್ಳು ಎಂದು ನನ್ನ ಬಳಿ ದಾಖಲೆ ಇದೆ. ಎಲ್ಲಿ ದೂರು ಕೊಡಲಿ?
— ಮಲ್ಲೇಶ್ವರದ ಓದುಗರು

ಉತ್ತರ: ಯಾವಾಗ ಅನ್ನುವುದರ ಮೇಲೆ ಎಲ್ಲಿ ಅನ್ನುವುದು ನಿಂತಿದೆ.

ನೀತಿ ಸಂಹಿತೆ ಜಾರಿಯಲ್ಲಿದ್ದಾಗ ಚುನಾವಣಾ ಆಯೋಗದ ಸಿ–ವಿಜಿಲ್ ಆ್ಯಪ್. ಆದರೆ ಅದರಲ್ಲೇ ಸ್ಥಳದಲ್ಲಿ ತೆಗೆದ ಫೋಟೊ, ವಿಡಿಯೊ ಮಾತ್ರ ನಡೆಯುತ್ತದೆ, ಗ್ಯಾಲರಿಯಲ್ಲಿದ್ದದ್ದು ಹೋಗುವುದಿಲ್ಲ. ಇಲ್ಲವೇ 1950ಕ್ಕೆ ಕರೆ ಮಾಡಿ, ವೆಚ್ಚ ವೀಕ್ಷಕರಿಗೆ ಬರೆದುಕೊಡಿ. ಫಲಿತಾಂಶದ ನಂತರ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಆ ಕ್ಷೇತ್ರದ ಮತದಾರರಾಗಿದ್ದರೆ ಸಾಕು, 2,000 ರೂಪಾಯಿ ಭದ್ರತಾ ಠೇವಣಿ. 2023ರ ಚುನಾವಣೆಗೆ ಆ ಬಾಗಿಲು ಅದೇ ವರ್ಷ ಜೂನ್ 27ಕ್ಕೆ ಮುಚ್ಚಿತು.

ಇಲ್ಲೊಂದು ಸೂಕ್ಷ್ಮ ಇದೆ, ವಕೀಲರೂ ಎಡವುತ್ತಾರೆ. ನಮ್ಮದೇ ನಾಗಮಂಗಲದ 1994ರ ಚುನಾವಣೆಯ ಶಿವರಾಮೇಗೌಡ–ಚಂದ್ರಶೇಖರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಲೆಕ್ಕ ತಪ್ಪಾಗಿದೆ ಅಂದಮಾತ್ರಕ್ಕೆ ಪ್ರಜಾಪ್ರತಿನಿಧಿ ಕಾಯ್ದೆಯ ಸೆಕ್ಷನ್ 123(6)ರ ಭ್ರಷ್ಟ ಆಚರಣೆ ಆಗುವುದಿಲ್ಲ, ಖರ್ಚು ಮಿತಿ ಮೀರಿದ್ದನ್ನು ತೋರಿಸಬೇಕು. ಅಂದರೆ 28 ಲಕ್ಷ ತೋರಿಸಿದವರು 5 ಲಕ್ಷ ಮುಚ್ಚಿಟ್ಟರು ಎಂದು ನೀವು ಸಾಬೀತು ಮಾಡಿದರೂ ಒಟ್ಟು 33 ಲಕ್ಷ, 40ರ ಒಳಗೇ ಆಯಿತು. ಆ ದಾರಿಯಲ್ಲಿ ಆಯ್ಕೆ ರದ್ದಾಗುವುದಿಲ್ಲ.

ಹಾಗೆಂದು ದಾಖಲೆ ಹರಿದುಹಾಕಬೇಡಿ. ಅದೇ ಕಾಯ್ದೆಯ ಸೆಕ್ಷನ್ 10ಎ ಅಡಿ ಚುನಾವಣಾ ಆಯೋಗ ಲೆಕ್ಕದ ಸತ್ಯಾಸತ್ಯವನ್ನೇ ವಿಚಾರಿಸಬಹುದು ಎಂದು 2014ರಲ್ಲಿ ಅಶೋಕ್ ಚವಾಣ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಶಿಕ್ಷೆ ಮೂರು ವರ್ಷದ ಅನರ್ಹತೆ. ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮ್ಲೇಶ್ ಯಾದವ್ 2011ರಲ್ಲಿ ಹೀಗೆಯೇ ಅನರ್ಹರಾದರು. ಕಾಸು ಕೊಟ್ಟು ಹಾಕಿಸಿದ ಸುದ್ದಿಯ ಖರ್ಚನ್ನು ಅವರು ತೋರಿಸಿರಲಿಲ್ಲ.

ಕೊಟ್ಟವರಿಗೆ ಪ್ರತಿಯಾಗಿ ಕೆಲಸ ಮಾಡಿಕೊಟ್ಟ ಸುಳಿವಿದ್ದರೆ ದಾರಿ ಬೇರೆ. ಆಗ 1988ರ ಭ್ರಷ್ಟಾಚಾರ ತಡೆ ಕಾಯ್ದೆ, ಲೋಕಾಯುಕ್ತ. ಅಂಬೇಡ್ಕರ್ ವೀಧಿಯ ಬಹುಮಹಡಿ ಕಟ್ಟಡದಲ್ಲಿ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ ಕೊಡಬೇಕು. ದೂರಿನಲ್ಲಿ ವಿಶೇಷಣ ಬೇಡ, ತಾರೀಖು ಸಾಕು: ಚೆಕ್ ಜಮೆಯಾದ ದಿನ, ಕಾಮಗಾರಿ ಮಂಜೂರಾದ ದಿನ, ಕಾರ್ಯಾದೇಶದ ದಿನ, ಬಿಲ್ ಪಾಸಾದ ದಿನ. ಕೊನೆಯ ಮೂರು ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ‘ಐದು ವರ್ಷದ ಎಲ್ಲ ಕಾಮಗಾರಿ’ ಎಂದು ಕೇಳಿದರೆ ವಾಪಸ್ ಬರುತ್ತದೆ. ಒಂದು ರಸ್ತೆಯ ಹೆಸರು, ಒಂದು ಜಾಬ್ ಕೋಡ್ (ಕಾಮಗಾರಿಯ ಗುರುತಿನ ಸಂಖ್ಯೆ) ಹಾಕಿ.

ಪ್ರಶ್ನೆ: ಪಾಲಿಕೆ ಚುನಾವಣೆಗೂ 40 ಲಕ್ಷವೇ ಮಿತಿಯೇ?
— ಕೆ.ಆರ್. ಪುರದ ಓದುಗರು

ಉತ್ತರ: ಅಲ್ಲ. ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಮಿತಿ, ನಮೂನೆ ಎಲ್ಲ ಅದೇ ಹೊರಡಿಸುತ್ತದೆ. ಬಿಬಿಎಂಪಿಗೆ ಕೊನೆಯ ಚುನಾವಣೆ ಆದದ್ದು 2015ರ ಆಗಸ್ಟ್‌ನಲ್ಲಿ, ಈಗ ಐದು ಪಾಲಿಕೆಗಳಾಗಿವೆ. ಹಳೆಯ ಅಂಕಿ ಹಿಡಿದು ಯಾರೊಂದಿಗೂ ಜಗಳಕ್ಕೆ ಹೋಗಬೇಡಿ. ಅಧಿಸೂಚನೆಯ ಜೊತೆ ಬರುವ ಆದೇಶದ ಪ್ರತಿ ಮೊದಲು ಇಟ್ಟುಕೊಳ್ಳಿ.