ಧರ್ಮ ಮತ್ತು ಕಾನೂನು ಎದುರಾದರೆ ಯಾವುದನ್ನು ಮೇಲಿಡಬೇಕು?

ಇಷ್ಟೊಂದು ಧರ್ಮಗಳಿರುವ ಜಾತ್ಯತೀತ ದೇಶದಲ್ಲಿ ಧರ್ಮ ಒಂದು ಹೇಳಿ ಕಾನೂನು ಇನ್ನೊಂದು ಹೇಳಿದರೆ ಯಾವುದು ಗೆಲ್ಲಬೇಕು ಅಂತ ನೀವು ಕೇಳಿದ್ದೀರಿ. ನಾನು ಉಡುಪಿ ಜಿಲ್ಲೆಯವನು, ವಕೀಲ. ಈ ಪ್ರಶ್ನೆಗೆ ಸಂಬಂಧಿಸಿದ ದೊಡ್ಡ ಮೊಕದ್ದಮೆಗಳಲ್ಲಿ ಮೂರು ಹುಟ್ಟಿದ್ದು ನಮ್ಮ ಕರಾವಳಿಯಲ್ಲೇ. ಅವನ್ನಿಟ್ಟುಕೊಂಡೇ ಉತ್ತರಿಸುತ್ತೇನೆ.

ಮೊದಲನೆಯದು ಶಿರೂರು ಮಠದ್ದು. ಕಾನೂನು ಕಾಲೇಜಿನಲ್ಲಿ ಮೇಷ್ಟ್ರು ಈ ಹೆಸರು ಹೇಳಿದಾಗ ನನಗೆ ಆಶ್ಚರ್ಯ. ರಥಬೀದಿಯಲ್ಲಿ ದಿನಾ ನೋಡುವ ಮಠ ದೇಶದ ಎಲ್ಲ ಕಾನೂನು ವಿದ್ಯಾರ್ಥಿಗಳ ಪಾಠದಲ್ಲಿದೆ ಅಂತ ಅಲ್ಲಿಯವರೆಗೆ ಗೊತ್ತಿರಲಿಲ್ಲ. 1931ರಲ್ಲಿ ಪರ್ಯಾಯದ, ಅಂದರೆ ಉಡುಪಿ ಕೃಷ್ಣ ಮಠದ ಪೂಜೆ-ಆಡಳಿತ ವಹಿಸಿಕೊಳ್ಳುವ ಸರದಿ ಬಂದಾಗ ಆಗಿನ ಸ್ವಾಮಿಗಳು ಖರ್ಚಿಗೆ ಸಾಲ ಮಾಡಬೇಕಾಯಿತು. ಆಗ ನಮ್ಮದು ಮದ್ರಾಸ್ ಪ್ರಾಂತ್ಯ. ಸಾಲ ಬೆಳೆದಂತೆ ಅಲ್ಲಿನ ಧರ್ಮಾದಾಯ ಮಂಡಳಿ ಮಠದ ಆಡಳಿತಕ್ಕೆ ಕೈಹಾಕಿತು. ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1954ರಲ್ಲಿ ಏಳು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಆಸ್ತಿಯ ಆಡಳಿತವನ್ನು ಕಾನೂನು ನಿಯಂತ್ರಿಸಬಹುದು. ಆದರೆ ದೇವರಿಗೆ ಯಾವ ಹೊತ್ತಿಗೆ ನೈವೇದ್ಯ, ಯಾವಾಗ ಯಾವ ಆಚರಣೆ ಎಂಬುದು ಧರ್ಮದ ವಿಷಯ. ಒಂದು ಧರ್ಮಕ್ಕೆ ಅತ್ಯಗತ್ಯ ಯಾವುದು ಎಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತವನ್ನು ನೋಡಿಯೇ ತಿಳಿಯಬೇಕು ಅಂದರು.

ಎರಡನೆಯದು ಮೂಲ್ಕಿಯ ವೆಂಕಟರಮಣ ದೇವಸ್ಥಾನದ್ದು. ನನಗೆ ತುಂಬಾ ಹತ್ತಿರವಾದ ತೀರ್ಪು ಇದು. ಕಾರಣ ನನ್ನ ಅಜ್ಜಿ. ಬೇರೊಂದು ಹಳ್ಳಿಯಲ್ಲಿ ಅವರು ಮಲ್ಲಿಗೆ ಕಟ್ಟಿ ಮಾರುತ್ತಿದ್ದರು. ಊರ ದೇವರಿಗೂ ಅದೇ ಹೂವು ಏರುತ್ತಿತ್ತು. ಅವರು ಮಾತ್ರ ಹೊರಗಿನ ಕಟ್ಟೆ ದಾಟುವಂತಿರಲಿಲ್ಲ. ಅದು ಹೇಗಿತ್ತು ಅಂತ ಕೇಳಿದರೆ "ಒಳಗೆ ದೀಪ ಕಾಣ್ತಿತ್ತು, ದೇವರು ಕಾಣ್ತಿರಲಿಲ್ಲ" ಅನ್ನುತ್ತಿದ್ದರು.

ಮೂಲ್ಕಿಯ ಟ್ರಸ್ಟಿಗಳ ವಾದ ಹೀಗಿತ್ತು: ಇದು ಗೌಡ ಸಾರಸ್ವತ ಬ್ರಾಹ್ಮಣರ ದೇವಸ್ಥಾನ, ಯಾರು ಒಳಗೆ ಬರಬೇಕು ಎಂಬುದು ನಮ್ಮ ಧರ್ಮದ ವಿಷಯ, 1947ರ ಮದ್ರಾಸ್ ದೇವಾಲಯ ಪ್ರವೇಶ ಕಾನೂನು ನಮಗೆ ಅನ್ವಯಿಸುವುದಿಲ್ಲ. ಮೊಕದ್ದಮೆ ಮುಗಿಯುವಷ್ಟರಲ್ಲಿ ನಮ್ಮ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಿತ್ತು. 1957ರ ನವೆಂಬರ್‌ನಲ್ಲಿ ತೀರ್ಪು ಬಂತು. ಅಲ್ಲಿ ಸುಪ್ರೀಂ ಕೋರ್ಟು "ಇದು ನಿಮ್ಮ ಧರ್ಮವೇ ಅಲ್ಲ" ಅನ್ನಲಿಲ್ಲ. ಪ್ರವೇಶ ಯಾರಿಗೆ ಎಂಬುದು ಧರ್ಮದ ವಿಷಯವೇ ಹೌದು ಅಂತ ಒಪ್ಪಿಕೊಂಡಿತು. ಆದರೂ ಬಾಗಿಲು ತೆರೆಯಲೇಬೇಕು ಅಂದಿತು. ಸಾರ್ವಜನಿಕ ಸ್ವರೂಪದ ದೇವಸ್ಥಾನಗಳನ್ನು ಎಲ್ಲ ವರ್ಗದ ಹಿಂದೂಗಳಿಗೂ ತೆರೆಯುವ ಕಾನೂನಿಗೆ ಧರ್ಮ ಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿಯಲ್ಲೇ ಜಾಗವಿದೆ, ಅದರ ಮುಂದೆ ಪಂಗಡದ ಹಕ್ಕು ತಗ್ಗಬೇಕು. ಕೆಲವು ವಿಶೇಷ ಸೇವೆಗಳನ್ನು ಮಾತ್ರ ಆ ಸಮುದಾಯಕ್ಕೇ ಬಿಟ್ಟುಕೊಟ್ಟರು.

ಎಷ್ಟು ನೇರ ಅಲ್ವಾ? ನಂಬಿಕೆಯನ್ನು ಸುಳ್ಳು ಅನ್ನಲಿಲ್ಲ. ಹೊರಗೆ ನಿಂತವರನ್ನೂ ಮರೆಯಲಿಲ್ಲ.

ಆಮೇಲೆ ಕೋರ್ಟುಗಳು ಬೇರೆ ದಾರಿಯಲ್ಲಿ ಜಾಸ್ತಿ ನಡೆದವು. ಅತ್ಯಗತ್ಯ ಯಾವುದು ಅಂತ ತಾವೇ ಅಳೆಯತೊಡಗಿದವು. 1961ರ ಅಜ್ಮೀರ್ ದರ್ಗಾ ತೀರ್ಪಿನಲ್ಲಿ, ಮೂಢನಂಬಿಕೆಯಿಂದ ಬಂದು ಸೇರಿಕೊಂಡ ಆಚರಣೆಗಳಿಗೆ ರಕ್ಷಣೆ ಸಿಗದೇ ಹೋಗಬಹುದು ಅನ್ನುವ ಮಾತು ಬಂತು. ನ್ಯಾಯಾಧೀಶರು ಶಾಸ್ತ್ರ ಓದಿ ಪಂಡಿತರ ಕೆಲಸ ಮಾಡಬೇಕಾದ ಸ್ಥಿತಿ ಇದು. ನನಗೆ ಇದು ಸರಿ ಕಾಣುವುದಿಲ್ಲ. ಗ್ರಂಥದಲ್ಲಿ ಬರೆದಿದ್ದರೆ ಮಾತ್ರ ನಂಬಿಕೆ ಅನ್ನುವುದಾದರೆ, ನಮ್ಮ ತುಳುನಾಡಿನ ಭೂತಾರಾಧನೆ ಯಾವ ಗ್ರಂಥವನ್ನು ತೋರಿಸಬೇಕು?

ಮೂರನೆಯದು ನಿಮಗೆಲ್ಲ ಗೊತ್ತಿರುವುದೇ, ಉಡುಪಿಯ ಪಿಯು ಕಾಲೇಜಿನಲ್ಲಿ ಶುರುವಾದ ಹಿಜಾಬ್ ವಿವಾದ. 2022ರ ಮಾರ್ಚ್ 15ರಂದು ನಮ್ಮ ಹೈಕೋರ್ಟು, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆ ಅಲ್ಲ ಅಂದಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. ಹೇಮಂತ್ ಗುಪ್ತಾ ಅವರು ತರಗತಿಯಲ್ಲಿನ ಹಿಜಾಬ್ ನಿಷೇಧವನ್ನು ಎತ್ತಿಹಿಡಿದರು. ಸುಧಾಂಶು ಧೂಲಿಯಾ ಅವರು ಅತ್ಯಗತ್ಯವೋ ಅಲ್ಲವೋ ಎಂಬ ಚರ್ಚೆಯೇ ಇಲ್ಲಿ ಬೇಡ, ಇದು ಆ ಹುಡುಗಿಯರ ಆಯ್ಕೆಯ ಮತ್ತು ಓದಿನ ಪ್ರಶ್ನೆ ಅಂದರು.

ಧೂಲಿಯಾ ಅವರು ಆಧಾರವಾಗಿಟ್ಟುಕೊಂಡವುಗಳಲ್ಲಿ 1986ರ ಕೇರಳದ ಮೊಕದ್ದಮೆಯೂ ಒಂದು. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುವುದು ತಮ್ಮ ನಂಬಿಕೆಗೆ ವಿರುದ್ಧ ಅಂತ ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಹಾಕಿದರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರ ಪೀಠ ನೋಡಿದ್ದು ಆ ನಂಬಿಕೆ ನಮಗೆ ಸರಿ ಅನ್ನಿಸುತ್ತದೆಯೇ ಅಂತಲ್ಲ, ಮಕ್ಕಳು ಅದನ್ನು ಮನಸಾರೆ ನಂಬಿದ್ದಾರೆಯೇ ಅಂತ. ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಅಂತ ಆದೇಶ ಬಂತು.

ಹಾಗಾಗಿ ನಿಮ್ಮ ಪ್ರಶ್ನೆಗೆ ನಾನು ಕೊಡುವ ಉತ್ತರ ಇದು. ನಂಬಿಕೆ ನಿಜವಾದದ್ದೇ? ಹೌದಾದರೆ, ಅದರಿಂದ ಯಾರಿಗೆ ಪೆಟ್ಟು ಬೀಳುತ್ತಿದೆ? ಅಜ್ಜಿಯ ಊರಿನಲ್ಲಿ ಪೆಟ್ಟು ತಿಂದವರು ಕಣ್ಣೆದುರೇ ಇದ್ದರು, ಅಲ್ಲಿ ಕಾನೂನು ಗಟ್ಟಿಯಾಗಿ ನಿಲ್ಲಲೇಬೇಕಿತ್ತು. ಹಾಡದೆ ಸುಮ್ನೆ ನಿಂತ ಮಕ್ಕಳಿಂದ ಯಾರಿಗೂ ಏನೂ ಆಗಲಿಲ್ಲ. ತಲೆಗೆ ಬಟ್ಟೆ ಹಾಕಿ ಬೆಂಚಿನಲ್ಲಿ ಕೂತ ಹುಡುಗಿಯಿಂದ ಪಕ್ಕದವಳ ಯಾವ ಹಕ್ಕು ಹೋಯಿತು ಅಂತ ನಾನೂ ತುಂಬಾ ಯೋಚಿಸಿದ್ದೇನೆ. ನನಗೆ ಒಂದೂ ಕಾಣಲಿಲ್ಲ. ಮನೆಯವರ ಬಲವಂತಕ್ಕೆ ಹಾಕಿದ್ದರೆ ಅಂತ ಕೆಲವರು ಕೇಳುತ್ತಾರೆ, ಅದು ಸರಿಯಾದ ಪ್ರಶ್ನೆಯೇ. ಆದರೆ ಅಂಥ ಹುಡುಗಿಗೆ ಕಾಲೇಜಿನ ಬಾಗಿಲೂ ಮುಚ್ಚಿದರೆ, ಅವಳಿಗೆ ಉಳಿಯುವುದು ಆ ಮನೆ ಮಾತ್ರ.