ದೇಹದಾನ ಮಾಡಿದರೆ ಕಡೇ ದಿನ ಅಪ್ಪ ಏಳುವುದಿಲ್ಲವೇ?

ಪ್ರಶ್ನೆ: ನಾವು ಮಂಗಳೂರು ಕಡೆಯ ಕೆಥೋಲಿಕರು. ಅಪ್ಪನಿಗೆ 76 ವರ್ಷ. ತಾನು ತೀರಿಕೊಂಡ ಮೇಲೆ ದೇಹವನ್ನು ಮೆಡಿಕಲ್ ಕಾಲೇಜಿಗೆ ಕೊಡಬೇಕೆಂದು ಫಾರಂ ತುಂಬಿದ್ದಾರೆ. ಸಾಕ್ಷಿ ಸಹಿ ನನ್ನದು. ವಿಷಯ ಗೊತ್ತಾದ ಮೇಲೆ ಅಮ್ಮ ಸರಿಯಾಗಿ ಊಟವನ್ನೂ ಮಾಡುತ್ತಿಲ್ಲ. "ಕೊಯ್ದು ಹಾಕಿದ ದೇಹ ಕಡೇ ದಿನ ಹೇಗೆ ಏಳುತ್ತದೆ? ನಾನೊಬ್ಬಳೇ ಏಳಬೇಕಾ?" ಎಂದು ಅಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಒಂದು ಮಾತು. ಅಮ್ಮನ ಮುಂದೆ "ಅದೆಲ್ಲ ಮೂಢನಂಬಿಕೆ" ಅನ್ನಬೇಡಿ. ಜಪಮಾಲೆ ಹಿಡಿದಾಗಲೆಲ್ಲ "ಶರೀರದ ಪುನರುತ್ಥಾನವನ್ನು ನಂಬುತ್ತೇನೆ" ಎಂದು ಹೇಳುತ್ತಾ ಬಂದವರು ಅವರು. ಆತ್ಮ ಮಾತ್ರ ಉಳಿದರೆ ಸಾಕು ಎಂದು ಕ್ರೈಸ್ತ ಧರ್ಮ ಹೇಳುವುದಿಲ್ಲ, ಲೋಕದ ಕಡೇ ದಿನ ಸತ್ತವರ ದೇಹವೂ ಏಳುತ್ತದೆ ಎನ್ನುತ್ತದೆ. ಹಾಗಿದ್ದ ಮೇಲೆ ಗಂಡನ ದೇಹ ಏನಾಗುತ್ತದೋ ಎಂದು ಕೇಳದೆ ಇರುತ್ತಾರಾ?

ಈ ಭಯ ತುಂಬಾ ಹಳೆಯದು. ಕ್ರಿ.ಶ. 177ರಲ್ಲಿ, ಈಗಿನ ಫ್ರಾನ್ಸ್‌ನ ಲಿಯೋನ್ ಪಟ್ಟಣದಲ್ಲಿ ಕ್ರೈಸ್ತರನ್ನು ಕೊಂದವರು ಹೆಣಗಳನ್ನು ಸುಟ್ಟು, ಬೂದಿಯನ್ನು ರೋನ್ ನದಿಗೆ ಸುರಿದರು. ಇನ್ನು ಇವರು ಹೇಗೆ ಏಳುತ್ತಾರೆ ನೋಡೋಣ ಎಂಬುದು ಅವರ ಲೆಕ್ಕ. ಅದೇ ಹುತಾತ್ಮರನ್ನು ಧರ್ಮಸಭೆ, ಅಂದರೆ ಚರ್ಚ್, ಇವತ್ತಿಗೂ ಸಂತರೆಂದು ಗೌರವಿಸುತ್ತದೆ. ಕಾಡುಪ್ರಾಣಿ ತಿಂದ ದೇಹ, ಬೂದಿಯಾದ ದೇಹ ಯಾವುದೂ ಸೃಷ್ಟಿಸಿದವನ ಕೈತಪ್ಪಿ ಹೋಗುವುದಿಲ್ಲ ಎಂದು ಹಳೆಯ ಕಾಲದ ದೊಡ್ಡ ಕ್ರೈಸ್ತ ಪಂಡಿತ ಸಂತ ಅಗಸ್ಟೀನರೂ ಬರೆದಿದ್ದಾರೆ. ಬೈಬಲ್‌ನಲ್ಲಿ ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯವನ್ನು ಅಮ್ಮನ ಜೊತೆ ಕೂತು ಓದಿ. ನೀನು ಬಿತ್ತುವುದು ಬರೀ ಕಾಳು, ಮುಂದೆ ಬರುವ ದೇಹವನ್ನು ಕೊಡುವವನು ದೇವರು ಎನ್ನುತ್ತಾರೆ ಅವರು.

1886ರಲ್ಲಿ ಶವ ಸುಡುವುದನ್ನು ನಿಷೇಧಿಸಿದ್ದ ವ್ಯಾಟಿಕನ್ 1963ರಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. ಸತ್ತ ಮೇಲೆ ಅಂಗಾಂಗ ದಾನ ಮಾಡುವುದನ್ನು ಒಳ್ಳೆಯ ಕೆಲಸವೆಂದೇ ಹೇಳುತ್ತದೆ. ಹಾಗಾಗಿ ನಿಮ್ಮ ಅಪ್ಪ ನಂಬಿಕೆಗೆ ವಿರುದ್ಧವಾದದ್ದು ಏನನ್ನೂ ಮಾಡಿಲ್ಲ.

ಆದರೆ ಅಮ್ಮನ ಎರಡನೇ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. "ನಾನೊಬ್ಬಳೇ ಏಳಬೇಕಾ?" ನನಗೆ ಅನಿಸುವುದು, ಅವರಿಗೆ ಅಪ್ಪನ ಪಕ್ಕದಲ್ಲೇ ಮಲಗಬೇಕು. ಸತ್ತವರನ್ನು ನೆನೆಯುವ ನವೆಂಬರ್ 2ರಂದು ಎಲ್ಲರೂ ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವಾಗ ತಾನೆಲ್ಲಿ ನಿಲ್ಲಲಿ ಎಂಬ ಸಂಕಟವೂ ಇದೆ. ಇದಕ್ಕೆ ಅಗಸ್ಟೀನರಲ್ಲಿ ಉತ್ತರವಿಲ್ಲ. ಇದು ಗಂಡ ಹೆಂಡತಿ ಕೂತು ಮಾತಾಡಬೇಕಾದ ವಿಷಯ. ಹೆಂಡತಿಗೆ ಹೇಳದೆ ಅಪ್ಪ ಫಾರಂ ತುಂಬಿದ್ದು ಸರಿಯಲ್ಲ, ಉದ್ದೇಶ ಎಷ್ಟೇ ದೊಡ್ಡದಿರಲಿ. ಅವರೇ ಅಮ್ಮನಿಗೆ ಹೇಳಲಿ, ನೀವು ನಡುವೆ ನಿಲ್ಲಬೇಡಿ.

ನೀವು ಮಾಡಬೇಕಾದದ್ದು ಬೇರೆ ಇದೆ. ಓದು ಮುಗಿದ ಮೇಲೆ ಉಳಿದ ಅವಶೇಷವನ್ನು ಮನೆಯವರಿಗೆ ಕೊಡುತ್ತಾರಾ ಎಂದು ಕಾಲೇಜಿನಲ್ಲಿ ಈಗಲೇ ಕೇಳಿ. ಕೊಡುತ್ತಾರೆಂದರೆ ಚರ್ಚ್ ಸ್ಮಶಾನದಲ್ಲೇ ಹೂಳಬಹುದು. ದೇಹ ಒಪ್ಪಿಸುವ ಮೊದಲು ಬಲಿಪೂಜೆ (ಚರ್ಚ್‌ನ ಮಾಸ್) ಮಾಡಿಸುವ ಬಗ್ಗೆ ನಿಮ್ಮ ಧರ್ಮಗುರುಗಳ ಹತ್ತಿರ ಮಾತಾಡಿ, ಅಮ್ಮನನ್ನೂ ಕರೆದುಕೊಂಡು ಹೋಗಿ.

ಇಷ್ಟಾದ ಮೇಲೂ ಅಮ್ಮ ಒಪ್ಪದಿದ್ದರೆ, ನನ್ನ ಮತ ಅಮ್ಮನಿಗೆ. ಅಳುತ್ತಿರುವ ಹೆಂಡತಿಯ ಮುಂದಿನಿಂದ ದೇಹವನ್ನು ಎತ್ತಿಕೊಂಡು ಹೋಗುವ ಸ್ಥಿತಿ ಬೇಡ. ಅಪ್ಪನಿಗೆ ಆಗ ಕಣ್ಣು ದಾನ ಮಾಡುವ ದಾರಿ ಇದೆ. ತೀರಿಕೊಂಡ 6 ಗಂಟೆಯೊಳಗೆ ಮನೆಗೇ ಬಂದು ತೆಗೆದುಕೊಳ್ಳುತ್ತಾರೆ, ಆಮೇಲೆ ದೇಹ ಅಮ್ಮ ಬಯಸಿದ ಜಾಗಕ್ಕೇ ಹೋಗುತ್ತದೆ.