ದಿನಾ ಓಡಿಸಲು ಸೆಕೆಂಡ್ ಹ್ಯಾಂಡ್ ಮಾಜ್ಡಾ ಆರ್‌ಎಕ್ಸ್-8 ಸರಿಯೋ, ನಿಸಾನ್ 350ಝಡ್ ಸರಿಯೋ?

ನಿಮ್ಮ ಪ್ರಶ್ನೆಯ ಸಾರಾಂಶ ಇಷ್ಟು. ಒಂದು ಕಡೆ 2005ರ ಮಾಜ್ಡಾ ಆರ್‌ಎಕ್ಸ್-8, 231 ಪಿಎಸ್‌ನದು, ಆರು ಗೇರ್ ಮ್ಯಾನುಯಲ್. ಇನ್ನೊಂದು ಕಡೆ 2006ರ ನಿಸಾನ್ 350ಝಡ್ ಕೂಪೆ, ಅದೂ ಮ್ಯಾನುಯಲ್. ಬೆಲೆಯೂ ಓಡಿದ ದೂರವೂ ಹೆಚ್ಚುಕಡಿಮೆ ಒಂದೇ. ಆಫೀಸು ಏಳು ಕಿ.ಮೀ. ದೂರ, ವಾರಕ್ಕೊಮ್ಮೆ ಮನೆಸಾಮಾನು, ಅಪರೂಪಕ್ಕೆ ಮಗಳನ್ನು ಕರೆದುಕೊಂಡು ಹೋಗುವುದು. ಮನೆಯಲ್ಲಿ ಇನ್ನೊಂದು ದೊಡ್ಡ ಕಾರೂ ಇದೆ. ನಾಲ್ಕು ಸೀಟು ಇರುವುದರಿಂದ ದಿನಬಳಕೆಗೆ ಆರ್‌ಎಕ್ಸ್-8 ಮೇಲಲ್ಲವೇ ಎಂದು ಕೇಳಿದ್ದೀರಿ.

ನನ್ನ ಉತ್ತರ 350ಝಡ್. 350ಝಡ್‌ಗೆ ಎರಡೇ ಸೀಟು, ಸೀಟು ಎಣಿಸಿದರೆ ಆರ್‌ಎಕ್ಸ್-8 ಗೆಲ್ಲುತ್ತದೆ, ನಿಜ. ಆದರೆ ಈ ಎರಡು ಗಾಡಿಗಳ ನಡುವೆ ತೀರ್ಮಾನ ಮಾಡಬೇಕಾದದ್ದು ನಿಮ್ಮ ಒಂದೊಂದು ಓಡಾಟ ಎಷ್ಟು ಉದ್ದ ಎಂಬುದರ ಮೇಲೆ. ಏಳು ಕಿ.ಮೀ. ಓಡಿ ನಿಲ್ಲಿಸಿ, ಸಂಜೆ ತಣ್ಣಗಿನ ಎಂಜಿನ್‌ನಲ್ಲಿ ಮತ್ತೆ ಏಳು ಕಿ.ಮೀ. ಓಡಿಸುವುದು ಆರ್‌ಎಕ್ಸ್-8ರಲ್ಲಿರುವ, ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗುವ ರೋಟರಿ ಎಂಜಿನ್ ಸಹಿಸದ ಕೆಲಸ.

ಆರ್‌ಎಕ್ಸ್-8ರ ಬಾಡಿ ಬಹಳ ಜಾಣತನದಿಂದ ಮಾಡಿದ್ದು, ಅದನ್ನು ಮೊದಲು ಹೇಳಿಬಿಡಬೇಕು. ಹಿಂದಿನ ಎರಡು ಸೀಟು ಹೆಸರಿಗಷ್ಟೇ ಇರುವವಲ್ಲ, ದೊಡ್ಡವರೂ ಕೂರಬಹುದು. ಹಿಂಬಾಗಿಲು ಹಿಂದಿನ ಕೀಲಿನ ಮೇಲೆ ತೆರೆಯುವುದರಿಂದ ಮಗುವಿನ ಸೀಟು ಕಟ್ಟುವುದು ಸುಲಭ. ಆದರೆ ಮುಂಬಾಗಿಲು ತೆರೆಯದೆ ಹಿಂಬಾಗಿಲು ತೆರೆಯದು. ಪಕ್ಕದ ಗಾಡಿಗೆ ಒತ್ತಿ ನಿಲ್ಲಿಸಿದ್ದರೆ ನೀವು ಎರಡು ಬಾಗಿಲುಗಳ ನಡುವೆ ಸಿಕ್ಕಿಕೊಂಡು ನಿಲ್ಲುತ್ತೀರಿ. ಮಗಳನ್ನು ಇಳಿಸಿ, ಹಿಂಬಾಗಿಲು ಹಾಕಿ, ಆಮೇಲೆ ಮುಂಬಾಗಿಲು ಹಾಕಬೇಕು. ಹಿಂದಿನ ಕಿಟಕಿ ಗಾಜು ಇಳಿಯುವುದಿಲ್ಲ. ಡಿಕ್ಕಿ 290 ಲೀಟರ್, ಆದರೆ ಬಾಯಿ ಚಿಕ್ಕದು. ಹಿಂಸೀಟು ಮಡಚಲು ಬರುವುದಿಲ್ಲ, ನಡುವೆ ಉದ್ದನೆಯ ಸಾಮಾನು ತೂರಿಸುವ ಒಂದು ಕಿಂಡಿ ಮಾತ್ರ ಇದೆ. ಸಸ್ಪೆನ್ಷನ್ ಮಾತ್ರ ನಿಸಾನ್‌ಗಿಂತ ಎಷ್ಟೋ ಮೃದು, ಗುಂಡಿ ಬಿದ್ದ ರಸ್ತೆಯಲ್ಲಿ ಸೊಂಟ ಉಳಿಯುತ್ತದೆ.

ಇನ್ನು ಎಂಜಿನ್. ಎರಡು ರೋಟರ್, ಒಂದೊಂದಕ್ಕೆ 654 ಸಿಸಿ. ಪ್ರತಿ ರೋಟರ್‌ನ ಮೂರು ಮೂಲೆಗಳಲ್ಲಿ ಅಪೆಕ್ಸ್ ಸೀಲ್ ಎಂಬ ತೆಳು ಪಟ್ಟಿಗಳಿವೆ. ಪಿಸ್ಟನ್ ಎಂಜಿನ್‌ನಲ್ಲಿ ರಿಂಗ್ ಮಾಡುವ ಕೆಲಸ ಇವುಗಳದ್ದು. ಇವು ಒಣಗಬಾರದೆಂದು ಎಂಜಿನ್ ತಾನೇ ಸಂಪ್‌ನಿಂದ (ಕೆಳಗಿನ ಆಯಿಲ್ ತೊಟ್ಟಿಯಿಂದ) ಸ್ವಲ್ಪ ಸ್ವಲ್ಪ ಆಯಿಲ್ ಎಳೆದು ಒಳಗೆ ಚಿಮ್ಮಿಸಿ ಸುಡುತ್ತದೆ. ಹಾಗಾಗಿ ಆಯಿಲ್ ಕಡಿಮೆಯಾಗುವುದು ದೋಷವಲ್ಲ, ವಿನ್ಯಾಸವೇ ಹಾಗೆ. ಎರಡು ಸಲ ಪೆಟ್ರೋಲ್ ಹಾಕಿಸಿದಾಗ ಒಂದು ಸಲವಾದರೂ ಡಿಪ್‌ಸ್ಟಿಕ್ ನೋಡಲೇಬೇಕು. ಆಯಿಲ್ ಒಂಚೂರೂ ಕಡಿಮೆಯಾಗಿಲ್ಲ ಎಂದು ಮಾಲೀಕರು ಹೆಮ್ಮೆಯಿಂದ ಹೇಳಿದರೆ ಅದೇ ಚಿಂತೆಯ ವಿಷಯ. ಈ ಆಯಿಲನ್ನು ಅಳೆದು ಕಳಿಸುವ ಮೀಟರಿಂಗ್ ಪಂಪೋ ಅದರ ನಳಿಕೆಯೋ ಕೆಟ್ಟಿರಬಹುದು.

ಚಿಕ್ಕ ಓಡಾಟದಲ್ಲಿ ಆಗುವುದೇನು? ತಣ್ಣಗಿರುವಾಗ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಆ ಪೆಟ್ರೋಲ್ ಒಳಗೋಡೆಯ ಮೇಲಿನ ಆಯಿಲ್ ಪೊರೆಯನ್ನು ತೊಳೆದುಬಿಡುತ್ತದೆ. ಸೀಲ್‌ಗೆ ಹಿಡಿತ ಕೊಡುವುದು ಆ ಪೊರೆಯೇ. ಮುಂದಿನ ಸಲ ಸೆಲ್ಫ್ ಹೊಡೆದರೆ ಕಂಪ್ರೆಷನ್ (ಒಳಗೆ ಒತ್ತಿದ ಗಾಳಿಯ ಒತ್ತಡ) ಇಲ್ಲ, ಪ್ಲಗ್ ಒದ್ದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ. ಇದನ್ನೇ ಫ್ಲಡ್ಡಿಂಗ್ ಎನ್ನುವುದು. ಗ್ಯಾರೇಜಿನಿಂದ ಹೊರತೆಗೆದು, ಅರ್ಧ ನಿಮಿಷದಲ್ಲಿ ಆಫ್ ಮಾಡಿ, ತೊಳೆದು ಮತ್ತೆ ಒಳಗಿಡುವವರಿಗೆ ಇದು ಸಾಮಾನ್ಯವಾಗಿ ಆಗುತ್ತದೆ. ಹಾಗೇನಾದರೂ ಆದಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಹತ್ತು ಸೆಕೆಂಡ್ ಮೀರದಂತೆ ಸೆಲ್ಫ್ ಹೊಡೆಯಿರಿ. ಪೂರ್ತಿ ಒತ್ತಿದ್ದಾಗ ಇಂಜೆಕ್ಟರ್‌ಗಳು ಪೆಟ್ರೋಲ್ ಕೊಡುವುದಿಲ್ಲ, ಒಳಗಿರುವುದು ಹೊರಹೋಗುತ್ತದೆ. ಒಂದು ನಿಮಿಷ ಸೆಲ್ಫ್ ಮೋಟಾರ್ ತಣಿಯಲು ಬಿಟ್ಟು ಮತ್ತೊಮ್ಮೆ. ಅದಕ್ಕೂ ಬಗ್ಗದಿದ್ದರೆ ನಾಲ್ಕು ಪ್ಲಗ್ ಬಿಚ್ಚಿ ಒಣಗಿಸಬೇಕು. ಎಡಗಡೆಯ ಮುಂಚಕ್ರ ಬಿಚ್ಚಿದರೆ ಕೈಗೆ ಸಿಗುತ್ತವೆ. ಕೆಳಗಿನವು ಲೀಡಿಂಗ್, ಮೇಲಿನವು ಟ್ರೇಲಿಂಗ್, ಎರಡರ ಹೀಟ್ ರೇಂಜ್ (ಬಿಸಿ ತಾಳುವ ಮಟ್ಟ) ಬೇರೆ. ಅದಲುಬದಲು ಮಾಡಬಾರದು.

ಫ್ಲಡ್ಡಿಂಗ್‌ಗಿಂತ ನಿಧಾನವಾಗಿ, ಆದರೆ ಖಚಿತವಾಗಿ ಎಂಜಿನ್ ಕೊಲ್ಲುವುದು ಇಗ್ನಿಷನ್ ಕಾಯಿಲ್. ನಾಲ್ಕು ಪ್ಲಗ್‌ಗೆ ನಾಲ್ಕು ಕಾಯಿಲ್. ಸುಮಾರು 50,000 ಕಿ.ಮೀ.ಗೆ ಇವನ್ನು ಸವೆಯುವ ಭಾಗವೆಂದೇ ಲೆಕ್ಕ ಹಾಕಿ, ಪ್ಲಗ್ ಮತ್ತು ವೈರ್ ಜೊತೆಗೇ ಬದಲಿಸಬೇಕು. ಕಾಯಿಲ್ ಸೋತರೆ ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ. ಕನ್ವರ್ಟರ್ ಕರಗಿ ಕಟ್ಟಿಕೊಳ್ಳುತ್ತದೆ, ಬಿಸಿ ಹಿಂದಕ್ಕೆ ಎಂಜಿನ್‌ಗೇ ಬರುತ್ತದೆ, ಸೀಲ್‌ಗಳು ಹಾಳಾಗುತ್ತವೆ. ಅಂದರೆ ಎಂಜಿನ್ ಲೈಟ್ ಮಿಣುಕಲು ಶುರುವಾದ ಮೇಲೆ "ಮನೆತನಕ ಹೋಗಿಬಿಡೋಣ" ಎನ್ನುವ ಹಾಗಿಲ್ಲ. ಇದರ ಟೆಂಪರೇಚರ್ ಮುಳ್ಳನ್ನೂ ನಂಬಬೇಡಿ. ನಿಜವಾದ ಬಿಸಿ ಏರುತ್ತಿದ್ದರೂ ಬಹಳ ಹೊತ್ತು ನಡುವಿನಲ್ಲೇ ನಿಂತಿರುತ್ತದೆ. ಒಬಿಡಿ ಪೋರ್ಟ್‌ಗೆ (ಗಾಡಿಯ ಕಂಪ್ಯೂಟರ್ ಓದುವ ಸಾಕೆಟ್) ಚಿಕ್ಕ ರೀಡರ್ ಹಾಕಿ ಕೂಲೆಂಟ್ ಡಿಗ್ರಿಯನ್ನು ಅಂಕಿಯಲ್ಲೇ ನೋಡಬೇಕು.

ಇಷ್ಟಾದರೂ ಆರ್‌ಎಕ್ಸ್-8ರ ಮೇಲೇ ಮನಸ್ಸಿದ್ದರೆ ಒಂದು ಪರೀಕ್ಷೆ ಮಾತ್ರ ಬಿಡಬೇಡಿ: ರೋಟರಿಗೆಂದೇ ಇರುವ ಮೀಟರ್‌ನಲ್ಲಿ ಕಂಪ್ರೆಷನ್ ಟೆಸ್ಟ್. ಮಾಮೂಲಿ ಪಿಸ್ಟನ್ ಗೇಜ್ ಮೂರು ಮುಖಗಳಲ್ಲಿ ಅತಿ ಒಳ್ಳೆಯದರ ಅಂಕಿಯನ್ನು ಮಾತ್ರ ಹಿಡಿದು ತೋರಿಸುತ್ತದೆ. ಒಂದು ಸೀಲ್ ಸತ್ತಿದ್ದರೂ ಗೊತ್ತಾಗುವುದಿಲ್ಲ. ರೋಟರಿ ಮೀಟರ್ ಆರು ಮುಖಗಳ ಆರು ಅಂಕಿಯನ್ನೂ ಸೆಲ್ಫ್ ಮೋಟಾರ್ ತಿರುಗಿದ ವೇಗವನ್ನೂ ಕೊಡುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗಿರಬೇಕು, ಅಂಕಿಗಳನ್ನು 250 ಆರ್‌ಪಿಎಂ ಲೆಕ್ಕಕ್ಕೆ ತಂದು ಓದಬೇಕು. ಮಾಜ್ಡಾ ಇಟ್ಟಿರುವ ಮಾನದಂಡದಲ್ಲಿ 8.3 ಬಾರ್ ಸಹಜ, 6.8 ಬಾರ್ ಕನಿಷ್ಠ. ಒಂದೇ ರೋಟರ್‌ನ ಮುಖಗಳ ನಡುವೆ 1.5 ಬಾರ್‌ಗಿಂತ, ಎರಡು ರೋಟರ್‌ಗಳ ನಡುವೆ 1 ಬಾರ್‌ಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. 7ರ ಆಸುಪಾಸಿನ ಅಂಕಿ ಬಂದರೆ ಅದು ಪಾಸಾದ ಎಂಜಿನ್ ಅಲ್ಲ, ದಿನ ಎಣಿಸುತ್ತಿರುವ ಎಂಜಿನ್. ಹೊಸ ಎಂಜಿನ್ ಕಟ್ಟಿಸುವ ಖರ್ಚನ್ನು ಬೆಲೆಯಿಂದ ಕಳೆದೇ ಮಾತಾಡಿ.

ಮೀಟರ್ ಸಿಗುವ ಮೊದಲು ನೀವೇ ಮಾಡಬಹುದಾದದ್ದೂ ಇದೆ. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ. ಆರೋಗ್ಯವಂತ ಎಂಜಿನ್ ಒಂದೆರಡು ಸೆಕೆಂಡಿನಲ್ಲಿ ಹೊತ್ತಿಕೊಳ್ಳುತ್ತದೆ. ಬಿಸಿಯಲ್ಲಿ ಐದಾರು ಸೆಕೆಂಡ್ ಸೆಲ್ಫ್ ತಿನ್ನುವುದು ಕಂಪ್ರೆಷನ್ ಹೋಗಿರುವುದರ ಮೊದಲ ಲಕ್ಷಣ. ಆಮೇಲೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಎಂಜಿನ್ ಹೊತ್ತಿಕೊಳ್ಳದಂತೆ ಸೆಲ್ಫ್ ಹೊಡೆದು, ಸದ್ದು ಕೇಳಿ. ಫುಸ್ ಫುಸ್ ಫುಸ್ ಎಂದು ಒಂದೇ ಅಳತೆಯಲ್ಲಿ ಬರಬೇಕು. ಮೂರರಲ್ಲೊಂದು ಸಣ್ಣಗಾಗಿ, ಕುಂಟಿದ ಹಾಗೆ ಕೇಳಿಸಿದರೆ ಒಂದು ಮುಖದ ಸೀಲ್ ಹೋಗಿದೆ ಎಂದರ್ಥ. ಕ್ಲಚ್ ಪೆಡಲ್ ಕಿರುಗುಟ್ಟುತ್ತಿದೆಯೇ ಎಂಬುದನ್ನೂ ಗಮನಿಸಿ, ಈ ವರ್ಷಗಳ ಗಾಡಿಯಲ್ಲಿ ಪೆಡಲ್ ಬ್ರಾಕೆಟ್‌ನ ವೆಲ್ಡ್ ಬಿರಿಯುತ್ತದೆ.

350ಝಡ್‌ನಲ್ಲಿ ಇಂಥ ಭಯ ಇಲ್ಲ. 3.5 ಲೀಟರ್ ವಿ6, ಟೈಮಿಂಗ್ ಚೈನ್, ಯಾವ ಮೆಕ್ಯಾನಿಕ್‌ಗೂ ಅರ್ಥವಾಗುವ ಎಂಜಿನ್. ಟ್ರಾಫಿಕ್‌ನಲ್ಲಿ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಆರ್‌ಎಕ್ಸ್-8ರ ಟಾರ್ಕ್ 211 ನ್ಯೂಟನ್ ಮೀಟರ್, ಅದೂ 5,500 ಆರ್‌ಪಿಎಂನಲ್ಲಿ. ನಿಸಾನ್‌ನದು 350ರ ಮೇಲೆ, ಮೂರನೇ ಗೇರ್‌ನಲ್ಲಿ 2,000ದಿಂದಲೇ ಎಳೆದುಕೊಂಡು ಹೋಗುತ್ತದೆ. ಕ್ಲಚ್ ಮಾತ್ರ ಭಾರ. ಮೈಲೇಜ್ ನೋಡಿ ಆರಿಸುವ ಪ್ರಶ್ನೆಯೇ ಇಲ್ಲಿಲ್ಲ, ಎರಡೂ ಊರೊಳಗೆ ಕುಡಿಯುತ್ತವೆ, ಆರ್‌ಎಕ್ಸ್-8 ಸ್ವಲ್ಪ ಹೆಚ್ಚು. ನಿಸಾನ್‌ನ ಟ್ಯಾಂಕ್ ದೊಡ್ಡದು, ಸುಮಾರು 80 ಲೀಟರ್. ಮಾಜ್ಡಾದ್ದು ಸುಮಾರು 60.

ನೀವು ನೋಡುತ್ತಿರುವುದು 2006ರ ಗಾಡಿಯಾದ್ದರಿಂದ ಯಾವ ಎಂಜಿನ್ ಎಂದು ಮೊದಲು ತಿಳಿದುಕೊಳ್ಳಿ. ಮೀಟರಿನ ಕೆಂಪುಗೆರೆ ನೋಡಿದರೆ ಸಾಕು. 6,600ಕ್ಕೆ ಶುರುವಾದರೆ ಮೊದಲಿನ 280 ಪಿಎಸ್ ಎಂಜಿನ್, 7,000ಕ್ಕಾದರೆ ರೆವ್-ಅಪ್ ಎಂದು ಕರೆಯುವ 300 ಪಿಎಸ್‌ನದು, 7,500 ಇದ್ದರೆ 2007ರಿಂದ ಬಂದ ಎಚ್‌ಆರ್. ನಡುವಿನದಕ್ಕೆ ಆಯಿಲ್ ಕುಡಿಯುವ ಕೆಟ್ಟ ಹೆಸರಿದೆ. ರೋಟರಿಯ ಹಾಗೆ ವಿನ್ಯಾಸದಿಂದಲ್ಲ, ರಿಂಗ್ ದಾಟಿ ಹೋಗುವುದು. ಎಂಜಿನ್ ತಣ್ಣಗಿರುವಾಗ ಡಿಪ್‌ಸ್ಟಿಕ್ ನೀವೇ ಎಳೆದು ನೋಡಿ. ಇಳಿಜಾರಿನಲ್ಲಿ ಎರಡನೇ ಗೇರ್‌ನಲ್ಲಿ ಕಾಲು ತೆಗೆದು ಸ್ವಲ್ಪ ದೂರ ಬಿಟ್ಟು, ಆಮೇಲೆ ಜೋರಾಗಿ ಒತ್ತಿ. ಹಿಂದಿನಿಂದ ಬರುವ ಗಾಡಿಯಲ್ಲಿ ಗೆಳೆಯರನ್ನು ಕೂರಿಸಿ ನೀಲಿ ಹೊಗೆ ಬಂತೇ ಎಂದು ನೋಡಿಸಿ. ಡ್ಯಾಶ್‌ಬೋರ್ಡ್ ನಡುವಿನ ಮೂರು ಗೇಜ್‌ಗಳಲ್ಲಿ ಒಂದು ಆಯಿಲ್ ಪ್ರೆಷರ್‌ನದು. ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ 1 ಬಾರ್‌ಗಿಂತ, 2,000 ಆರ್‌ಪಿಎಂನಲ್ಲಿ 3 ಬಾರ್‌ಗಿಂತ ಕೆಳಗಿದ್ದರೆ ಮುಂದುವರಿಯಬೇಡಿ. ಅದೇ ದುಡ್ಡಿಗೆ ಎಚ್‌ಆರ್ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ, ಆದರೆ ಅದರಲ್ಲೂ ಟೈಮಿಂಗ್ ಕವರ್ ಹಿಂದಿನ ಆಯಿಲ್ ಗ್ಯಾಲರಿಯ (ಎಂಜಿನ್ ಒಳಗೆ ಆಯಿಲ್ ಹರಿಯುವ ದಾರಿ) ಕಾಗದದ ಗ್ಯಾಸ್ಕೆಟ್ ಹರಿದು ಪ್ರೆಷರ್ ಬೀಳುತ್ತದೆ, ಆದ್ದರಿಂದ ಈ ಪರೀಕ್ಷೆ ಅದಕ್ಕೂ ಬೇಕೇ ಬೇಕು.

ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ಸುಮ್ಮನೆ ಆಫ್ ಆಗುತ್ತದೆ, ತಣಿದ ಮೇಲೆ ಸ್ಟಾರ್ಟ್ ಆಗುತ್ತದೆ ಎಂದರೆ ಕ್ಯಾಮ್ ಅಥವಾ ಕ್ರ್ಯಾಂಕ್ ಸೆನ್ಸರ್. ಸಣ್ಣ ಖರ್ಚು. ಕಿಟಕಿ ಮೋಟಾರ್ ಸೋಲುವುದೂ ಮಾಮೂಲಿ. ಗೇರ್‌ಬಾಕ್ಸ್‌ನಲ್ಲಿ ಐದು ಮತ್ತು ಆರನೇ ಗೇರ್ ಸಿಂಕ್ರೋ (ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಭಾಗ) ತೊಂದರೆ 2003–04ರ ಗಾಡಿಗಳದ್ದು, ನಿಮ್ಮದಕ್ಕೆ ಅಷ್ಟಾಗಿ ತಟ್ಟದು. ಆದರೂ ತಣ್ಣಗಿರುವಾಗ ಎಲ್ಲ ಗೇರ್ ಹಾಕಿ ನೋಡಿ.

ದಿನಬಳಕೆಯಲ್ಲಿ 350ಝಡ್ ನಿಜವಾಗಿ ದುಡ್ಡು ತಿನ್ನುವುದು ಟೈರಿನಲ್ಲಿ. 18 ಇಂಚಿನ ಚಕ್ರದಲ್ಲಿ ಮುಂದೆ 225, ಹಿಂದೆ 245 ಅಗಲ, ಹಾಗಾಗಿ ಮುಂದಿನದನ್ನು ಹಿಂದೆ ಹಾಕಿ ಸಮ ಸವೆಸಲು ಆಗುವುದಿಲ್ಲ. ಆರ್‌ಎಕ್ಸ್-8ರಲ್ಲಿ ನಾಲ್ಕೂ ಒಂದೇ ಅಳತೆ. ಮುಂಟೈರಿನ ಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಸವರಿ ನೋಡಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದಂತೆ ತಡೆದರೆ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದೆ ಅಥವಾ ಮುಂದಿನ ಆರ್ಮ್ ಬುಷ್ ಹೋಗಿದೆ. ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುವುದೂ ಹೆಚ್ಚಾಗಿ ಇದೇ ಬುಷ್‌ನಿಂದ. ಅಲೈನ್‌ಮೆಂಟ್ ಮಾಡಿಸುವಾಗ ತಿಳಿದಿರಲಿ: ಮುಂದೆ ಕಂಪನಿ ಭಾಗಗಳಲ್ಲಿ ಟೋ ಮಾತ್ರ ಸರಿಪಡಿಸಬಹುದು, ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲಿರುವ ಕೋನ) ಆಗುವುದಿಲ್ಲ.

ಸಾಮಾನಿನ ಜಾಗದ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ಡಿಕ್ಕಿ 235 ಲೀಟರ್, ಅದರ ನಡುವೆಯೇ ಅಡ್ಡಲಾಗಿ ದಪ್ಪನೆಯ ಬ್ರೇಸ್, ಅಂದರೆ ಆಸರೆಯ ತೊಲೆ. ಅದನ್ನು ತೆಗೆಯುವ ಯೋಚನೆ ಬೇಡ, ಬಾಡಿಯ ಗಡಸುತನಕ್ಕೆಂದು ಇಟ್ಟಿದ್ದು. ವಾರದ ಸಾಮಾನಿನ ಚೀಲಗಳು ಬ್ರೇಸ್ ಹಿಂದೆ ಸಾಲಾಗಿ ಕೂರುತ್ತವೆ, ದೊಡ್ಡ ಗಟ್ಟಿ ಸೂಟ್‌ಕೇಸ್ ಕೂರುವುದಿಲ್ಲ. ಪಕ್ಕದ ಸೀಟಿನ ಮುಂದೆ ಗ್ಲೋವ್ ಬಾಕ್ಸ್ ಕೂಡ ಇಲ್ಲ, ಸೀಟಿನ ಹಿಂದೆ ಬೀಗದ ಡಬ್ಬಿ ಇದೆ. ಹಿಂದಿನ ನೋಟ ಕಡಿಮೆ, ಪಾರ್ಕಿಂಗ್ ಸೆನ್ಸರ್ ಹಾಕಿಸಿಕೊಳ್ಳಿ. ಮಗಳನ್ನು ಕೂರಿಸುವ ದಿನ ಮುಂದಿನ ಸೀಟೇ ಗತಿ. ನಿಮ್ಮಲ್ಲಿ ಆ ವಯಸ್ಸಿಗೆ ಅದಕ್ಕೆ ಅನುಮತಿ ಇದೆಯೇ, ಬೂಸ್ಟರ್ ಬೇಕೇ ನೋಡಿಕೊಳ್ಳಿ, ಇಲ್ಲದಿದ್ದರೆ ಆ ದಿನ ಮನೆಯ ದೊಡ್ಡ ಕಾರು.

ನನ್ನ ತೀರ್ಪು ತಿರುಗುವುದು ಎರಡೂ ಸೇರಿದಾಗ ಮಾತ್ರ: ಒಂದೊಂದು ಓಡಾಟ ಇಪ್ಪತ್ತೈದು ಮೂವತ್ತು ಕಿ.ಮೀ. ಇದ್ದು, ಹಿಂದಿನ ಸೀಟು ವಾರದಲ್ಲಿ ಹಲವು ದಿನ ಬೇಕಿದ್ದರೆ. ಆಗ ಒಳ್ಳೆಯ ಕಂಪ್ರೆಷನ್ ಇರುವ ಆರ್‌ಎಕ್ಸ್-8, ಸಾಧ್ಯವಾದರೆ 2009ರ ನಂತರದ್ದು. ಅದರಲ್ಲಿ ಆಯಿಲ್ ಚಿಮ್ಮಿಸುವ ವ್ಯವಸ್ಥೆಯನ್ನು ಸುಧಾರಿಸಿ ಪ್ರತಿ ರೋಟರ್‌ಗೆ ಮೂರು ನಳಿಕೆ ಕೊಟ್ಟಿದ್ದಾರೆ.

ಗಾಡಿ ನೋಡಲು ಹೋಗುವ ಹಿಂದಿನ ದಿನ ಮಾರುವವರಿಗೆ ಫೋನ್ ಮಾಡಿ, ನಾವು ಬರುವವರೆಗೂ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಆ ದಿನ ನೋಡಬೇಡಿ, ಇನ್ನೊಂದು ದಿನ ಬೆಳಿಗ್ಗೆ ಬರುತ್ತೇವೆ ಎಂದು ಹೇಳಿ ಬನ್ನಿ.